ತಾಟಿನಂಚಿನ ಉಪ್ಪು

ಹುಣಸೆ ಬೀಜದಷ್ಟು ಉಪ್ಪು. ತಾಟಿನ ಮೇಲಂಚಿನಲ್ಲಿ, ಎಡಕ್ಕೆ, ರೊಟ್ಟಿಗೂ ಪಲ್ಯಕ್ಕೂ ತಾಗದ ಹಾಗೆ. ಹುಕ್ಕೇರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಶಿವವ್ವ ಕಾಕು ದಿನಾಲು ನನಗೆ ಬಡಿಸುವಾಗ ಮೊದಲು ಇಡುವುದು ಇದನ್ನೇ. ನಾನು ಅದರಲ್ಲಿ ಬೇಕಾದಷ್ಟನ್ನು ಕಲಸಿಕೊಳ್ಳುತ್ತೇನೆ. ಊಟ ಮುಗಿದ ಮೇಲೆ ಉಳಿದ ಹರಳುಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತೇನೆ. ಎರಡು ವರ್ಷ ಸುಮ್ಮನೆ ನೋಡಿದ ಕಾಕು ಮೊನ್ನೆ ತಡೆಯಲಾರದೆ ಕೇಳಿಯೇ ಬಿಟ್ಟರು.

“ಏನ್ರಿ ಅಕ್ಕಾರ, ಬರೇ ಉಪ್ಪ ಯಾಕ ನೆಕ್ಕತೀರಿ? ಎಮ್ಮಿ ನೆಕ್ಕಿದಂಗ ಕಾಣತೈತಿ ನೋಡ್ರಿ. ಡಾಕ್ಟರು ಹೇಳ್ಯಾರೇನು?”

“ಇಲ್ರಿ ಕಾಕು, ರೂಢಿ,” ಎಂದೆ.

ಕೇಳಿದ್ದಕ್ಕೆ ಒಂದು ಶಬ್ದದ ಉತ್ತರ ಕೊಟ್ಟು ಮುಗಿಸುವುದು ನನ್ನ ಹಳೆಯ ಗುಣ. ಇದರಿಂದ ಪರೀಕ್ಷೆಗಳಲ್ಲಿ ಅಂಕ ಕಳೆದುಕೊಂಡಿದ್ದೇನೆ, ನೆಂಟರ ನಡುವೆ ಸೊಕ್ಕಿನವಳು ಎನ್ನಿಸಿಕೊಂಡಿದ್ದೇನೆ. ಕಾಕುವಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರು ನನ್ನ ತಾಟಿನ ಎದುರಿಗೆ ಕುಳಿತಿಲ್ಲ ಎಂಬುದೊಂದೇ ಧೈರ್ಯ.

ನಮ್ಮ ಮನೆ ಮೂಡಲಗಿಯಲ್ಲಿ. ಅಪ್ಪ ಅಲ್ಲಿಯ ಸಾಲಿಯ ಮಾಸ್ತರರು. ನಾನು ಚಿಕ್ಕವಳಿದ್ದಾಗ ಮನೆ ನಡೆಯುತ್ತಿದ್ದುದು ಅಪ್ಪನ ತಾಯಿ, ನಮ್ಮ ಅಜ್ಜಿಯ ಮಾತಿನಂತೆ. ಲಿಂಗಪೂಜೆ ಮುಗಿದು ಎಡೆ ಹಿಡಿಯುವ ತನಕ ಅಡಿಗೆಯನ್ನು ಯಾರೂ ರುಚಿ ನೋಡುವಂತಿರಲಿಲ್ಲ, ಮಾಡಿದವಳು ಕೂಡ. ಎಡೆ ಹಿಡಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಹೆಸರಿಡಬಾರದು, ಅಂದರೆ ಅದರಲ್ಲಿ ಕೊರತೆ ಎತ್ತಿ ಆಡಬಾರದು. ಒಂದಗುಳು ಬಿಡಬಾರದು. ತಾಟಿನಲ್ಲೇ ಕೈತೊಳೆದು ಆ ನೀರನ್ನೂ ಕುಡಿಯಬೇಕು. ಇಷ್ಟು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ಅಜ್ಜಿ ಇದಕ್ಕೆ ತನ್ನದೊಂದು ಕಲಮು ಸೇರಿಸಿದ್ದಳು: ಮೇಲಿಂದ ಉಪ್ಪು ಹಾಕಿಕೊಂಡರೆ ಅದೂ ಹೆಸರಿಟ್ಟಂತೆಯೇ. ಆದ್ದರಿಂದ ನಮ್ಮ ಮನೆಯಲ್ಲಿ ಉಪ್ಪಿನ ಗಡಿಗೆ ಅಡಿಗೆ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದದ್ದೇ ಇಲ್ಲ.

ಈಗ ಕುಳಿತು ಯೋಚಿಸಿದರೆ ಇದರ ತೊಡಕು ಗೊತ್ತಾಗುತ್ತದೆ. ಎಡೆಗಿಂತ ಮೊದಲು ನೋಡುವಂತಿಲ್ಲ, ಆಮೇಲೆ ಆಡುವಂತಿಲ್ಲ. ಅವ್ವನ ತವರುಮನೆ ಯಮಕನಮರಡಿ. ಅಲ್ಲಿ ಅವಳ ತಂದೆಗೆ ಯಾವುದೋ ಬೇನೆ ಇದ್ದು, ವೈದ್ಯರು ಉಪ್ಪು ಕಡಿಮೆ ಮಾಡಿಸಿದ್ದರಂತೆ. ಮನೆಮಂದಿಯೆಲ್ಲ ಅದೇ ಅಡಿಗೆ ಉಂಡು ಬೆಳೆದವರು. ಅವ್ವನ ಕೈ ಅಲ್ಲಿಯೇ ಪಳಗಿದ್ದು. ಮೂರು ಬೆರಳಲ್ಲಿ ಹಿಡಿದಷ್ಟು, ಅದಕ್ಕಿಂತ ಒಂದು ಹರಳು ಹೆಚ್ಚಿಲ್ಲ. ಅವಳ ಬಾಯಿಗೆ ಅದು ಸರಿಯಾಗಿಯೇ ಇತ್ತು. ನಮಗೂ ಬೇರೆ ರುಚಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಪ್ಪನಿಗೆ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ನನಗೆ ಏಳು ವರ್ಷವಿದ್ದಾಗ ಓಣಿಯ ಗೆಳತಿ ಗಂಗೂ ತನ್ನ ಮನೆಗೆ ಊಟಕ್ಕೆ ಕರೆದುಕೊಂಡು ಹೋದಳು. ತಾಟಿನ ತುದಿಯಲ್ಲಿ ಬೆಳ್ಳಗೆ ಏನೋ ಇಟ್ಟಿದ್ದರು. ನನಗೆ ಅದೂ ಒಂದು ಪದಾರ್ಥ ಎನ್ನಿಸಿತು. ಬಡಿಸಿದ್ದನ್ನು ಬಿಡುವಂತಿಲ್ಲ. ಮೊದಲು ಅದನ್ನೇ ತಿಂದು ಮುಗಿಸಿದೆ. ಗಂಗೂನ ಅವ್ವ ನೋಡಿ, “ಅಯ್ಯ, ಮಾಸ್ತರ ಮಗಳಿಗೆ ಉಪ್ಪ ಭಾಳ ಸೇರತೈತಿ ಅಂತ ಕಾಣತೈತಿ!” ಎಂದು ಇನ್ನಷ್ಟು ಇಟ್ಟರು. ಬೇಡ ಎನ್ನುವುದೂ ಹೆಸರಿಟ್ಟಂತೆ ಆದೀತೆಂದು ಅದನ್ನೂ ತಿಂದೆ. ಮನೆಗೆ ಬಂದು ನಾಲ್ಕು ತಂಬಿಗೆ ನೀರು ಕುಡಿದೆ. ಅಜ್ಜಿ ಎಲ್ಲ ಕೇಳಿ, “ಬಿಡಲಿಲ್ಲ ಹೌದಿಲ್ಲೋ? ಶಾಣ್ಯಾಕಿ,” ಎಂದು ಬೆನ್ನು ಸವರಿದಳು. ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಪದವಿ ಪತ್ರ ಕೈಗೆ ಬಂದಾಗಲೂ ಅಷ್ಟು ಬಾಯಾರಿರಲಿಲ್ಲ.

ಅಪ್ಪನ ಮಾತಿಗೆ ಬರುತ್ತೇನೆ. ಅಪ್ಪ ಮದುವೆಗೆ ಮೊದಲು ಮೂರು ವರ್ಷ ಗೋಕಾಕದ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದರು. ಆ ಮೂರು ವರ್ಷವೂ ಮೋಟಾರು ನಿಲ್ಲುವ ಕಟ್ಟೆಯ ಎದುರಿನ ಖಾನಾವಳಿಯಲ್ಲಿ ಅವರ ಊಟ. ಗೋಕಾಕ, ಹುಕ್ಕೇರಿ, ಚಿಕ್ಕೋಡಿ ಕಡೆಯ ಜನ ಈಗಲೂ ಹುಡುಕಿಕೊಂಡು ಹೋಗಿ ಉಣ್ಣುವ ಸ್ಥಳ ಅದು. ಅಪ್ಪ ಮಿತಭಾಷಿ (ನನ್ನ ಗುಣ ಎಲ್ಲಿಂದ ಬಂತೆಂದು ನಿಮಗೆ ಈಗ ತಿಳಿದಿರಬೇಕು). ಊಟಕ್ಕೆ ಕುಳಿತರೆ ತುಟಿ ಬಿಚ್ಚುವವರಲ್ಲ. ಆದರೆ ಹದಿನೈದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತುತ್ತು ನುಂಗಿ, ಗೋಡೆ ನೋಡುತ್ತ ಒಂದು ಮಾತು ಹೇಳುತ್ತಿದ್ದರು.

“ಗೋಕಾಕದ ಖಾನಾವಳ್ಯಾಗ ಝುಣಕಾ ಮಾಡತಿದ್ರು ನೋಡು...”

ಅಷ್ಟೇ. ವಾಕ್ಯ ಮುಗಿಯುತ್ತಿರಲಿಲ್ಲ. ಅಜ್ಜಿ ಅತ್ತ ನೋಡುತ್ತಿರಲಿಲ್ಲ, ಏಕೆಂದರೆ ಎದುರಿಗಿದ್ದ ಪ್ರಸಾದಕ್ಕೆ ಯಾರೂ ಏನೂ ಅಂದಿರಲಿಲ್ಲ. ಅವ್ವ ಮಾತ್ರ ಒಂದು ಗಳಿಗೆ ಹಾಗೇ ನಿಂತು ಒಳಗೆ ಹೋಗುತ್ತಿದ್ದಳು. ಮರುದಿನ ಝುಣಕ ಬದಲಾಗಿರುತ್ತಿತ್ತು. ಬೆಳ್ಳುಳ್ಳಿ ಹೆಚ್ಚಾಗಿರುತ್ತಿತ್ತು. ಇನ್ನೊಮ್ಮೆ ಅಜವಾನ ಬೀಳುತ್ತಿತ್ತು, ಇನ್ನೊಮ್ಮೆ ಹುರಿದ ಎಳ್ಳು. ಗಟ್ಟಿ ಮಾಡಿ ನೋಡಿದಳು, ತೆಳ್ಳಗೆ ಮಾಡಿ ನೋಡಿದಳು, ಕಡಲೆ ಹಿಟ್ಟನ್ನು ಎರಡು ಸಲ ಸೋಸಿ ನೋಡಿದಳು.

“ಅದಕ್ಕ ಏನ್ರಿ ಹಾಕತಿದ್ರು ಅವರು?” ಎಂದು ಒಮ್ಮೆ ಕೇಳಿದ್ದು ನನಗೆ ನೆನಪಿದೆ.

“ಏನ ಹಾಕತಿದ್ರೋ. ರುಚಿ ಇತ್ತು,” ಎಂದರು ಅಪ್ಪ.

ಹೀಗೆ ಇಪ್ಪತ್ತೆರಡು ವರ್ಷ ಅವ್ವ ಕಣ್ಣಿನಿಂದ ಕಾಣದ ಒಂದು ಝುಣಕದ ಹಿಂದೆ ನಡೆದಳು. ಊರಿನಲ್ಲಿ ಅವಳ ಕೈಯಡಿಗೆಯನ್ನು ಹೊಗಳದವರಿರಲಿಲ್ಲ. ಮದುವೆ ಮನೆಗಳಿಂದ ಕರೆ ಬರುತ್ತಿತ್ತು. ಆದರೆ ತನ್ನ ಮನೆಯ ಒಲೆಯ ಮುಂದೆ ಮಾತ್ರ ಅವಳು ಯಾವಾಗಲೂ ಎರಡನೆಯವಳು.

ಆ ಖಾನಾವಳಿಯ ಬಗ್ಗೆ ನನಗೂ ಭಕ್ತಿ ಇತ್ತು. ಅಪ್ಪ ಒಮ್ಮೆ ಗೋಕಾಕದಿಂದ ಬಣ್ಣ ಬಳಿದ ಕಟ್ಟಿಗೆಯ ಪೇರಲ ಹಣ್ಣು ತಂದುಕೊಟ್ಟಿದ್ದರು. ಅಲ್ಲಿಯ ಕುಶಲಿಗರು ಮಾಡುವುದು, ನೋಡಿದರೆ ಗಿಡದಿಂದ ಈಗ ಕಿತ್ತ ಹಾಗೆ. ನಾನು ಕಚ್ಚಿಬಿಟ್ಟೆ. ಹಲ್ಲಿನ ಗುರುತು ಅದರ ಮೇಲೆ ಇನ್ನೂ ಇದೆ. ಗೋಕಾಕದಲ್ಲಿ ಕಟ್ಟಿಗೆಯೇ ಹೀಗಿದ್ದರೆ ಊಟ ಹೇಗಿದ್ದೀತು ಎಂದು ಆಗ ಎಷ್ಟೋ ದಿನ ಯೋಚಿಸಿದ್ದೆ.

ಆಮೇಲೆ ನಾನು ಓದಲು ಹೊರಗೆ ಹೋದೆ. ಹಾಸ್ಟೆಲಿನ ಊಟದ ಮನೆಯಲ್ಲಿ ಪಂಕ್ತಿಗೊಂದು ಉಪ್ಪಿನ ಬಟ್ಟಲು. ಎಲ್ಲರೂ ಕೈ ಹಾಕುತ್ತಿದ್ದರು. ನಾನು ಹದಿನೈದು ದಿನ ತಡೆದು, ಹದಿನಾರನೆಯ ದಿನ ಕಳ್ಳಿಯಂತೆ ಒಂದು ಚಿಟಿಕೆ ತೆಗೆದುಕೊಂಡೆ. ಮೊದಲ ರಜೆಗೆ ಮನೆಗೆ ಬಂದಾಗ ಅವ್ವನ ಝುಣಕ ಬಾಯಿಗೆ ಸಪ್ಪಗೆ ಹತ್ತಿತು. ನನ್ನ ನಾಲಿಗೆಯೇ ಕೆಟ್ಟಿದೆ ಎಂದುಕೊಂಡೆ. ಅಪ್ಪ ಅರ್ಧಕ್ಕೆ ನಿಲ್ಲಿಸುತ್ತಿದ್ದ ಮಾತಿಗೂ ಇದಕ್ಕೂ ಸಂಬಂಧವಿದ್ದೀತೆಂದು ಹೊಳೆಯಲಿಲ್ಲ. ತರ್ಕಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು ನಾನು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು, ಅವಳ ಕಟ್ಟಳೆ ಮಾತ್ರ ಹಾಗೇ ಇತ್ತು. ನಾಲ್ಕು ವರ್ಷದ ರಜೆಗಳಲ್ಲಿ ನಾನು ಸಪ್ಪಗೆ ಉಂಡು, ತಾಟು ತೊಳೆದು ಕುಡಿದು, ಸುಮ್ಮನೆ ಎದ್ದೆ.

ಎರಡು ವರ್ಷದ ಹಿಂದೆ, ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಹುಕ್ಕೇರಿಯ ಹೆಣ್ಣುಮಕ್ಕಳ ಸಾಲಿಯಿಂದ ನನಗೆ ಬಂದು ಕಾಣುವಂತೆ ಕಾಗದ ಬಂತು. ಅಪ್ಪನ ಸಾಲಿಗೆ ಅದೇ ವಾರ ತಪಾಸಣೆ. ಅವ್ವ ಜೊತೆಗೆ ಬರುವುದೆಂದಾಯಿತು. ಮೂಡಲಗಿಯಿಂದ ಗೋಕಾಕಕ್ಕೆ ಒಂದು ಮೋಟಾರು, ಅಲ್ಲಿ ಮೂರು ತಾಸು ಕಾಯ್ದು ಹುಕ್ಕೇರಿಗೆ ಇನ್ನೊಂದು. ಏನೇನು ಒಯ್ಯಬೇಕೆಂದು ನಾನು ಒಂದು ಯಾದಿ ಬರೆದೆ. ಮೂರನೆಯ ಸಾಲಿನಲ್ಲಿ ಬುತ್ತಿ ಎಂದಿತ್ತು. ಪಕ್ಕದ ಊರಿಗೆ ಹೊರಟರೂ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಳ್ಳದೆ ಹೊಸ್ತಿಲು ದಾಟದ ಅವ್ವ ಆ ಸಾಲಿನ ಮೇಲೆ ಬೆರಳಿಟ್ಟಳು.

“ಇದನ್ನ ಹೊಡದ್ಹಾಕು. ಗೋಕಾಕದಾಗ ಉಣ್ಣೂಣು.”

“ಖಾನಾವಳ್ಯಾಗೇನು?”

“ಹೂಂ. ಒಮ್ಮೆ ಬಾಯಾಗ ಇಟಗೊಂಡು ನೋಡತೇನಿ. ಅದರಾಗ ಏನೈತಿ, ನಂದರಾಗ ಏನಿಲ್ಲ ಅನ್ನೂದು ಗೊತ್ತಾಗಿಬಿಡ್ಲಿ. ಎಷ್ಟಂತ ಹುಡುಕಲಿ?”

ನಾನು ನೌಕರಿಯ ಚಿಂತೆಯಲ್ಲಿ ಹೊರಟವಳು. ಅವ್ವ ಹೊರಟದ್ದು ಝುಣಕಕ್ಕೆ. ಟ್ರಂಕಿನಲ್ಲಿದ್ದ ಅತಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು.

ಪೆಟ್ರೋಲು ಸಿಗದ ಕಾಲ. ಮೋಟಾರಿನ ಹಿಂದೆ ಇದ್ದಿಲಿನ ಒಲೆ. ಡ್ರೈವರು ಏರು ಬಂದಲ್ಲೆಲ್ಲ ಇಳಿದು ಅದನ್ನು ಕೆದಕಿ ಬರುತ್ತಿದ್ದ. ಗೋಕಾಕದಲ್ಲಿ ಇಳಿದಾಗ ನಡು ಮಧ್ಯಾಹ್ನ, ನಮ್ಮಿಬ್ಬರ ಮುಖದ ಮೇಲೂ ಮಸಿ. ಕಟ್ಟೆಯ ನಲ್ಲಿಯಲ್ಲಿ ಅವ್ವ ಎರಡು ಸಲ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಸೆರಗು ಸರಿ ಮಾಡಿಕೊಂಡಳು. ಬೀಗರ ಮನೆಗೆ ಹೋಗುವವರ ಹಾಗೆ.

ಖಾನಾವಳಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಗಂಡಸರು ಸಾಲಾಗಿ ಉಣ್ಣುತ್ತಿದ್ದರು. ಉಳಿದವರು ಗೋಡೆಗಾತು ನಿಂತು, ಯಾರು ಮೊದಲು ಏಳುತ್ತಾರೆಂದು ಕೈಗಳನ್ನೇ ನೋಡುತ್ತಿದ್ದರು. ಗಾದಿಯ ಮೇಲೆ ಕುಳಿತ ಧಣಿ ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ. ನಮ್ಮ ಕಡೆ ನೋಡದೆಯೇ, “ಹೆಣ್ಮಕ್ಕಳಿಗೆ ಒಳಗೈತ್ರಿ, ಪರದೆ ಹಿಂದ,” ಎಂದ.

ಪರದೆ ಎಂದರೆ ಗೋಣಿತಟ್ಟು. ಅದರ ಹಿಂದೆ ಒಂದು ಕಡೆ ಜೋಳದ ಚೀಲ, ಇನ್ನೊಂದು ಕಡೆ ಕಟ್ಟಿಗೆಯ ಒಟ್ಟಿಲು, ನಡುವೆ ಎರಡು ಮಣೆ. ತಟ್ಟು ನೆಲದಿಂದ ಗೇಣುದ್ದ ಮೇಲಿದ್ದುದರಿಂದ ನಮಗೆ ಹೊರಗಿನವರ ಪಾದಗಳು ಕಾಣುತ್ತಿದ್ದವು. ಬಡಿಸುವವನ ಬಲಗಾಲಿನ ಹೆಬ್ಬೆರಳಿಗೆ ಚಿಂದಿ ಕಟ್ಟಿತ್ತು. ಮುಂದಿನ ಮುಕ್ಕಾಲು ತಾಸು ನಾವು ಆ ಚಿಂದಿಯ ದಾರಿ ಕಾಯ್ದೆವು.

ಮೊದಲ ಸಲ ಬಂದವನು ಎರಡು ತಾಟು ಇಟ್ಟು, ಎರಡರ ಅಂಚಿಗೂ ಒಂದೊಂದು ಚಿಟಿಕೆ ಉಪ್ಪು ಬಿಟ್ಟು, ಅವ್ವ “ಉಪ್ಪ ಬ್ಯಾಡ್ರಿ” ಎನ್ನುವುದರೊಳಗೆ ಮಾಯವಾದ. ಬರಿಯ ತಾಟಿನ ಮೇಲೆ ಬರಿಯ ಉಪ್ಪು.

ಅವ್ವ ಅದನ್ನು ಬಹಳ ಹೊತ್ತು ನೋಡಿದಳು. “ಅಡಿಗಿ ಬರೂಕಿಂತ ಮೊದಲ ಹೆಸರಿಡಾಕ ತಯಾರಿ ಮಾಡ್ಯಾರಲ್ಲ,” ಎಂದು ಮೆಲ್ಲಗೆ ನಕ್ಕಳು.

ಚಿಂದಿ ಪರದೆಯ ಹತ್ತಿರ ಸುಳಿದಾಗ, “ಅಣ್ಣಾ, ರೊಟ್ಟಿ...” ಎಂದಳು.

“ಬಂದೇರಿ!” ಎಂದು ಚಿಂದಿ ದೂರ ಹೋಯಿತು. ಹೀಗೆ ಮೂರು ಸಲ. ಕೊನೆಗೆ ಗಾದಿಯ ಕಡೆಯಿಂದ ಧಣಿಯ ದನಿ ಕೇಳಿಸಿತು.

“ಏ, ಪರದೆ ಹಿಂದ ಯಾರರ ಅದಾರೇನೋ?”

“ಅದಾರ್ರಿ ಧಣಿ. ಇಬ್ಬರು.”

“ಮಜ್ಜಿಗಿ ಹಾಕಿ ಎಬ್ಬಿಸು. ಭಾಳ ಹೊತ್ತಾತು ಕುಂತು.”

“ಇನ್ನ ರೊಟ್ಟಿನ ಕೊಟ್ಟಿಲ್ರಿ!”

ಹೊರಗೆ ಎಲ್ಲರೂ ನಕ್ಕರು. ಒಳಗೆ ಅವ್ವನೂ ನಕ್ಕಳು. ನಾನು ನಗಲಿಲ್ಲ. ಮೋಟಾರಿನ ವೇಳೆ ಲೆಕ್ಕ ಹಾಕುತ್ತಿದ್ದೆ.

ರೊಟ್ಟಿ ಬಂತು, ತಣ್ಣಗೆ, ಅಂಚು ಮುದುರಿಕೊಂಡು. ಬದನೆಕಾಯಿ ಪಲ್ಯ ಬಂತು, ಅದರಲ್ಲಿ ಕಾಯಿಗಿಂತ ತೊಟ್ಟು ಹೆಚ್ಚು. ಕೊನೆಗೆ ಝುಣಕ ಬಂತು. ನೀರು ಬೇರೆ, ಹಿಟ್ಟು ಬೇರೆಯಾಗಿತ್ತು. ಹಿಟ್ಟಿನ ಗಂಟುಗಳು ಒಳಗೆ ಹಸಿಯಾಗಿದ್ದವು. ಮಜ್ಜಿಗೆ ಹುಳಿಯಾಗಿ ಮೂಗಿಗೆ ಹೊಡೆಯುತ್ತಿತ್ತು. ನಾನು ತಾಟನ್ನೇ ನೋಡುತ್ತಿದ್ದುದನ್ನು ಕಂಡು ಬಡಿಸುವವನು ಸಮಾಧಾನ ಹೇಳಿದ: “ಲಢಾಯಿ ನಡದೈತಲ್ರಿ ತಂಗಿ.” ದೇಶದೇಶಗಳ ಯುದ್ಧಕ್ಕೂ ಬದನೆಕಾಯಿಯ ತೊಟ್ಟಿಗೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಆದರೆ ಆ ವರ್ಷ ಯಾವುದಕ್ಕೂ ಅದೇ ಉತ್ತರ.

ಅವ್ವ ರೊಟ್ಟಿಯ ಚೂರಿನಲ್ಲಿ ಝುಣಕ ಹಿಡಿದು, ಕಣ್ಣು ಮುಚ್ಚಿ ಬಾಯಿಗಿಟ್ಟಳು. ನಾನು ಅವಳ ಮುಖ ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷದ ವ್ಯಾಜ್ಯ ಆ ತುತ್ತಿನಲ್ಲಿ ತೀರ್ಮಾನವಾಗಬೇಕಿತ್ತು. ಅವಳು ನಿಧಾನವಾಗಿ ಅಗಿದಳು, ನುಂಗಿದಳು, ಕಣ್ಣು ತೆರೆದಳು. ಇನ್ನೊಂದು ತುತ್ತು ತೆಗೆದುಕೊಂಡಳು, ಮೊದಲನೆಯದರಲ್ಲಿ ಏನಾದರೂ ತಪ್ಪಿಸಿಕೊಂಡೆನೇನೋ ಎಂಬಂತೆ.

“ಅವ್ವಾ, ಇದು...” ಎಂದೆ.

“ಹೂಂ. ಉಣ್ಣು.”

ಅಷ್ಟರಲ್ಲಿ ಬಡಿಸುವವನು ಹಣಕಿದ. “ಸಪ್ಪಗ ಅನಸಾಕತ್ತೇತೇನ್ರಿ ಅವ್ವಾರ? ಉಪ್ಪ ಹಚ್ಚಿಕೋರಿ. ಅದಕ್ಕಂತನ ಇಟ್ಟೈತಿ. ನಮ್ಮಲ್ಲಿ ಅಡಿಗ್ಯಾಗ ಅರ್ಧಾನ ಉಪ್ಪ ಹಾಕೂದು.”

“ಅರ್ಧಾನ?” ಅವ್ವನ ಕೈ ನಿಂತಿತು. “ಯಾಕ್ರಿ ಹಂಗ?”

“ಹಮಾಲಗ ಒಂದು ರುಚಿ, ಸಾಹುಕಾರಗ ಒಂದು ರುಚಿ. ಎಲ್ಲಾರಿಗೂ ಹೊಂದೂವಂಗ ಹಾಕಾಕ ಆಗತೈತೇನ್ರಿ? ಅದಕ್ಕ ಅರ್ಧಾ ನಾವು ಹಾಕೂದು, ಅರ್ಧಾ ಉಣ್ಣವರು ಹಾಕ್ಕೊಳ್ಳೂದು. ಕಲಸ್ಕೊಂಡ ಮ್ಯಾಲ ಎಲ್ಲಾರೂ ಅನ್ನೂದು ಒಂದ: ನಿಮ್ಮ ಝುಣಕದಂಥಾ ಝುಣಕ ಎಲ್ಲೂ ಇಲ್ಲ!”

“ಇದು ಈಗ ಲಢಾಯಿ ಬಂದ ಮ್ಯಾಲೇನ್ರಿ?”

“ಏ, ಇಲ್ರಿ! ನಾ ಇಲ್ಲಿ ಬಂದು ಮೂವತ್ತು ವರ್ಷಾತು. ಹಿರೇ ಧಣಿ ಕಾಲದಿಂದನೂ ಇದ ಪದ್ಧತಿ.”

ಅವ್ವ ತಾಟಿನಂಚಿನ ಉಪ್ಪನ್ನು ನೋಡಿದಳು. ಬಡಿಸಿದ್ದನ್ನು ಬಿಡುವಂತಿಲ್ಲವಾದ್ದರಿಂದ ಹೇಗೂ ಅದನ್ನು ತಿನ್ನಲೇಬೇಕಿತ್ತು. ಪೂರ್ತಿ ಕಲಸಿದಳು. ಉಪ್ಪು ಮುಟ್ಟಿದ ಝುಣಕವನ್ನು ಮತ್ತೆ ಬಾಯಿಗಿಟ್ಟಳು. ಅವಳು ಗೆದ್ದಿದ್ದಳು. ಅದರಲ್ಲಿ ಸಂಶಯವೇ ಇರಲಿಲ್ಲ. ಆದರೆ ಗೆದ್ದವರ ಮುಖ ಹಾಗಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನನ್ನಿಂದ ಅರ್ಧಕ್ಕಿಂತ ಹೆಚ್ಚು ಉಣ್ಣಲು ಆಗಲಿಲ್ಲ. ಅವ್ವ ನನ್ನ ತಾಟನ್ನು ತನ್ನ ಕಡೆಗೆ ಎಳೆದುಕೊಂಡು ಅದನ್ನೂ ಮುಗಿಸಿದಳು. ಎರಡೂ ತಾಟು ಬರಿದಾದದ್ದನ್ನು ಪರದೆಯ ಸಂದಿಯಿಂದ ಕಂಡ ಬಡಿಸುವವನು ಹಿಗ್ಗಿ, “ನಮ್ಮ ಝುಣಕಾ ಮನಸಿಗೆ ಬಂದೈತಿ ನೋಡ್ರಿ!” ಎಂದು ಇನ್ನೊಂದು ಸೌಟು ಹಾಕಿದ. ಮುಕ್ಕಾಲು ತಾಸು ಕರೆದರೂ ಬಾರದವನು ಆಗ ಮಾತ್ರ ಕರೆಯದೆ ಬಂದಿದ್ದ. ಅವ್ವ ಅದನ್ನೂ ಉಂಡಳು. ಆಮೇಲೆ ಅವನು ಮತ್ತೆ ಬರುವುದರೊಳಗೆ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಎತ್ತಿ ಕುಡಿದಳು.

ಹೊರಗೆ ಬರುವಾಗ ಧಣಿ ಈ ಸಲ ಮುಖವೆತ್ತಿ ಕೇಳಿದ. “ಊಟ ಹೆಂಗಾತ್ರಿ ಅವ್ವಾರ?”

“ಹೊಟ್ಟಿ ತುಂಬೇತ್ರಿ,” ಎಂದಳು ಅವ್ವ. ಅದು ಸುಳ್ಳಲ್ಲ.

ಹುಕ್ಕೇರಿಯ ಮೋಟಾರಿನಲ್ಲಿ ಅವಳು, ಧುಪದಾಳದ ಒಡ್ಡಿನ ಮೇಲಿಂದ ಬೀಳುವ ನೀರು ಕಂಡಾಗ, ಅದನ್ನೇ ನೋಡುತ್ತ ಅಂದಳು: “ಉಪ್ಪ. ಬರೇ ಉಪ್ಪ, ನೀಲಾ. ನಾ ಬಳ್ಳೊಳ್ಳಿ ಹೆಚ್ಚ ಮಾಡಕೋತ ಬಂದೆ.”

“ಅಪ್ಪ ಬಾಯಿ ಬಿಟ್ಟು ಹೇಳಬೇಕಿತ್ತು.”

“ಹೆಂಗ ಹೇಳತಾರ? ಬಾಜೂಕ ಅತ್ತಿ ಕುಂತಿರತಿದ್ರು. ಹೆಸರಿಡಬಾರದು ಅಂತ ಗೋಕಾಕದ್ದು ಹೊಗಳತಿದ್ರು. ಹೆಸರಿಟ್ಟಿದ್ರ ಒಂದ ದಿನದಾಗ ಮುಗೀತಿತ್ತು.”

“ಈಗ ಅಜ್ಜಿ ಇಲ್ಲಲ್ಲ. ನಾಳಿಂದ ನೀನ ಸಲ್ಪ ಹೆಚ್ಚ ಹಾಕು.”

ಅವ್ವ ತಲೆಯಾಡಿಸಿದಳು. “ಈ ಊಟ ಉಂಡು ಹೋದ ಮರುದಿನಾನ ಉಪ್ಪ ಹೆಚ್ಚಾದ್ರ ಅವರಿಗೆ ಗೊತ್ತಾಗತೈತಿ, ನಾ ತಿಳಕೊಂಡೆ ಅಂತ. ಇಷ್ಟು ವರ್ಷ ಹೆಸರಿಟ್ಟಂಗ ಆತಲ್ಲ ಅಂತ ನಾಚತಾರ. ಅದೂ ಅಲ್ಲದ, ಎಷ್ಟು ಹಾಕಲಿ? ನೋಡೂವಂಗಿಲ್ಲ, ಕೇಳೂವಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನಿನಗೂ ಸಪ್ಪಗ ಹತ್ತತಿತ್ತೇನು?” ಎಂದಳು.

ನಾನು ಕಿಟಕಿಯ ಹೊರಗೆ ನೋಡಿದೆ. ನಾಲ್ಕು ವರ್ಷದಿಂದ ಹತ್ತುತ್ತಿತ್ತು. ಅಪ್ಪನಾದರೂ ಅರ್ಧ ವಾಕ್ಯ ಹೇಳಿದ್ದರು. ನಾನು ಅದನ್ನೂ ಹೇಳಿರಲಿಲ್ಲ. ನನ್ನ ಮೌನವನ್ನು ನಾನು ಯಾವಾಗಲೂ ಸಭ್ಯತೆ ಎಂದೇ ಎಣಿಸಿಕೊಂಡವಳು. ಆ ಮೋಟಾರಿನಲ್ಲಿ, ಇದ್ದಿಲಿನ ಹೊಗೆಯಲ್ಲಿ, ಅದಕ್ಕೆ ಬೇರೆ ಹೆಸರೂ ಇದ್ದೀತು ಎಂದು ಮೊದಲ ಸಲ ಅನ್ನಿಸಿತು.

ಹಾಗಾದರೆ ಅಪ್ಪ ಹೊಗಳಿದ್ದು ಸುಳ್ಳೇ? ಇಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ತಮ್ಮ ಕೈಯಿಂದ ಉಪ್ಪು ಕಲಸಿ ಉಂಡ ಊಟ ಅವರಿಗೆ ಅದೊಂದೇ. ರುಚಿ ಇದ್ದದ್ದು ನಿಜ. ಅದು ಎಲ್ಲಿಂದ ಬಂತೆಂದು ಅವರು ಹುಡುಕಿರಲಿಲ್ಲ, ಅಷ್ಟೇ.

ಹುಕ್ಕೇರಿಯ ಸಾಲಿಯಲ್ಲಿ ನನಗೆ ನಾಲ್ಕು ಪ್ರಶ್ನೆ ಕೇಳಿದರು. ನಾನು ನಾಲ್ಕು ಶಬ್ದಗಳಲ್ಲಿ ಉತ್ತರ ಹೇಳಿದೆ. ಬಹುಶಃ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಬರುವ ತಿಂಗಳಿಂದ ಬನ್ನಿ ಎಂದರು. ಆ ರಾತ್ರಿ ಯಮಕನಮರಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು, ಮರುದಿನ ಅದೇ ದಾರಿಯಿಂದ ಹೊರಳಿದೆವು. ಈ ಸಲ ಅವ್ವ ತವರಿನಿಂದ ಬುತ್ತಿ ಕಟ್ಟಿಸಿಕೊಂಡಿದ್ದಳು. ಗೋಕಾಕದ ಕಟ್ಟೆಯ ನೆರಳಿನಲ್ಲಿ ಕುಳಿತು ಅವಳು ಅದನ್ನು ಬಿಚ್ಚುತ್ತಿದ್ದಾಗ, ನೀರು ತರುತ್ತೇನೆಂದು ಹೇಳಿ ನಾನು ಕಟ್ಟಿಗೆಯ ಹಣ್ಣು ಮಾಡುವವರ ಓಣಿಗೆ ಹೋದೆ. ಅಲ್ಲಿ ಕೆಂಪು ಬಣ್ಣದ, ಅಂಚಿಗೆ ಹಳದಿ ಗೆರೆ ಎಳೆದ, ಅಂಗೈ ಅಗಲದ ಒಂದು ಬಟ್ಟಲು ಸಿಕ್ಕಿತು. ಅದನ್ನು ಸೀರೆಗಳ ನಡುವೆ ಇಟ್ಟು ಟ್ರಂಕು ಮುಚ್ಚಿದೆ. ಏತಕ್ಕೆಂದು ಅವ್ವನಿಗೆ ಹೇಳಲಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ.

ಮೂಡಲಗಿಯಲ್ಲಿ ಅಪ್ಪ ಬಾಗಿಲಲ್ಲೇ ನಿಂತಿದ್ದರು. ನೌಕರಿಯ ಸುದ್ದಿ ಕೇಳಿ “ಛಲೋ ಆತು” ಎಂದರು. ಆಮೇಲೆ ತಡೆಯಲಾರದೆ ಅವ್ವನ ಕಡೆ ತಿರುಗಿದರು.

“ಖಾನಾವಳಿಗೆ ಹೋಗಿದ್ರೇನು? ಹೆಂಗಿತ್ತು?”

ಅವರ ಮುಖದಲ್ಲಿ ನಾನೆಂದೂ ಕಾಣದ ಆತುರವಿತ್ತು. ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ. ಅವ್ವ ಬುತ್ತಿಯ ಅರಿವೆ ಮಡಚುತ್ತಿದ್ದಳು. ಅವಳು ಒಂದು ಮಾತು ಹೇಳಿದ್ದರೆ ಇಪ್ಪತ್ತೆರಡು ವರ್ಷ ತೀರಿಹೋಗುತ್ತಿತ್ತು.

“ನೀವು ಹೇಳಿದಂಗ ಐತ್ರಿ,” ಎಂದಳು.

“ಹೌದಿಲ್ಲೋ?” ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. “ಬಾಗಲಾಗ ಗಾದಿ ಐತೇನ ಇನ್ನ? ಬಡಸಾಂವ ಹಿಂದಕ್ಕ ನಮ್ಮ ಕಾಲಕ್ಕ ಒಬ್ಬ ಕುಂಟಕೋತ ಬರತಿದ್ದ...”

“ಅದಾನ್ರಿ. ಈಗೂ ಹೆಬ್ಬಟ್ಟಿಗೆ ಚಿಂದಿ ಕಟಗೊಂಡಾನ.”

ಅಪ್ಪ ನಕ್ಕರು. ಅವರು ಸದ್ದು ಮಾಡಿ ನಗುವುದು ಅಪರೂಪ. “ಝುಣಕಾ ಹೆಂಗ ಮಾಡತಾರ ಅಂತ ಕೇಳಿದೇನು?”

“ಕೇಳಿದ್ನಿ. ಹೇಳಿದ್ರು. ನನಗ ನೀಗಂಗಿಲ್ಲ ಬಿಡ್ರಿ,” ಎಂದು ಅವ್ವ ಒಳಗೆ ಹೋದಳು. ಅಪ್ಪ ಇನ್ನೂ ನಗುತ್ತಲೇ ನಿಂತಿದ್ದರು. ನಾನು ಟ್ರಂಕಿನ ಹಿಡಿಕೆ ಹಿಡಿದುಕೊಂಡು ಅವರಿಬ್ಬರ ನಡುವೆ ನಿಂತಿದ್ದೆ.

ಮರುದಿನ ಮುಂಜಾನೆ ಅವ್ವ ಝುಣಕ ಮಾಡಿದಳು. ನಾನು ಅಡಿಗೆ ಮನೆಯ ಹೊಸ್ತಿಲ ಹತ್ತಿರ ಕುಳಿತು ಅವಳ ಕೈ ನೋಡುತ್ತಿದ್ದೆ. ಗಡಿಗೆಯಿಂದ ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು ತೆಗೆದು ಹಾಕಿದಳು. ಕೈ ಮತ್ತೊಮ್ಮೆ ಗಡಿಗೆಯ ತನಕ ಹೋಯಿತು. ಅದರ ಬಾಯಿಯ ಮೇಲೆ ನಿಂತಿತು. ಏನೂ ತೆಗೆಯದೆ ಮುಚ್ಚಳ ಮುಚ್ಚಿತು.

ಅಪ್ಪ ಪೂಜೆ ಮುಗಿಸಿ, ಸಾಲಿಗೆ ಹೋಗುವ ಕೋಟು ಗೂಟಕ್ಕೆ ಹಾಕಿ, ಊಟಕ್ಕೆ ಕುಳಿತರು. ಅವರ ಎಡಕ್ಕೆ ನನ್ನ ಮಣೆ. ಎದುರಿನ ಗೋಡೆಯ ಬದಿಗೆ ಅಜ್ಜಿ ಕುಳಿತುಕೊಳ್ಳುತ್ತಿದ್ದ ಜಾಗ ಖಾಲಿ ಇತ್ತು. ಅವ್ವ ರೊಟ್ಟಿ ಹಾಕಿ, ಝುಣಕ ಬಡಿಸಿದಳು. ಅಪ್ಪ ಮೊದಲ ತುತ್ತು ಮುರಿಯುವ ಮೊದಲು ನಾನು ಎದ್ದೆ. ಟ್ರಂಕಿನಿಂದ ಕೆಂಪು ಬಟ್ಟಲು ತೆಗೆದುಕೊಂಡು ಅಡಿಗೆ ಮನೆಗೆ ಹೋಗಿ, ಗಡಿಗೆಯ ಮುಚ್ಚಳ ತೆಗೆದು, ಬಟ್ಟಲು ತುಂಬ ಉಪ್ಪು ತುಂಬಿ ಹೊಸ್ತಿಲು ದಾಟಿದೆ. ಅವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತಲ್ಲೇ ನಿಂತಳು.

“ಹಾಸ್ಟೆಲಿನ್ಯಾಗ ರೂಢಿ ಆಗೇತಿ ಅವ್ವಾ,” ಎಂದೆ. “ನನಗ ಉಪ್ಪ ಸಲ್ಪ ಹೆಚ್ಚ ಬೇಕಾಗತೈತಿ. ಮೊದಲ ಹೇಳಬೇಕಿತ್ತು, ಹೇಳಲಿಲ್ಲ.”

ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ಆಡಿದ ಅತಿ ಉದ್ದನೆಯ ಮಾತು ಅದು. ನಾನು ಒಂದು ಚಿಟಿಕೆ ತೆಗೆದು, ಇಬ್ಬರಿಗೂ ಕಾಣುವಂತೆ ನನ್ನ ಝುಣಕಕ್ಕೆ ಕಲಸಿದೆ. ಆಮೇಲೆ ಬಟ್ಟಲನ್ನು ನನ್ನ ತಾಟಿಗೂ ಅಪ್ಪನ ತಾಟಿಗೂ ನಡುವೆ ಇಟ್ಟೆ, ಅಪ್ಪನ ಕಡೆಗೆ ಒಂದು ಬೆರಳಗಲ ಹೆಚ್ಚು.